ಕೋಡ್ ಬದಲಾವಣೆ: ಪರಿವರ್ತನೆಯೋ, ಭಾಷಾಂತರವೋ, ಲಿಪ್ಯಂತರವೋ?

ಬಳಗದವರಿಗೆ ನಮಸ್ಕಾರ.

ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಕೋಡನ್ನು ಇನ್ನೊಂದಕ್ಕೆ ತರುವ ಕೆಲಸಕ್ಕೆ ಕನ್ನಡದಲ್ಲಿ ಯಾವ ಪದ ಒಪ್ಪುತ್ತದೆ? ಕುಶಾಲನಗರದ ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ತೂಕದ ಲೆಕ್ಕ ವಿಷುವಲ್ ಬೇಸಿಕ್ 6ರಲ್ಲಿದೆ. ಅದನ್ನು ಪೈಥಾನಿಗೆ ತರುತ್ತಿದ್ದೇವೆ. ಮುಂದೆ ಈ ಕೋಡನ್ನು ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುವ ಹೊಣೆ ನನ್ನದು.

ಮೊದಲು ಹೊಳೆಯುವುದು 'ಪರಿವರ್ತನೆ'. ನಮ್ಮ ಜಿಲ್ಲೆಯಲ್ಲಿ ಈ ಪದ ಕಿವಿಗೆ ಬಿದ್ದರೆ ಜನರಿಗೆ ನೆನಪಾಗುವುದು ಭೂಪರಿವರ್ತನೆ. 'ಪರಿವರ್ತಕ' ಎಂದರೆ ಮಳೆಗಾಲದಲ್ಲಿ ಕೆಟ್ಟು ನಿಲ್ಲುವ ವಿದ್ಯುತ್ ಪರಿವರ್ತಕ. ಅರ್ಥ ತಪ್ಪೇನಲ್ಲ. ಆದರೆ ಕಿಲೋವನ್ನು ಚೀಲಕ್ಕೆ ತಿರುಗಿಸುವುದೂ ಪರಿವರ್ತನೆಯೇ. ಭಾಷೆಯ ಸುಳಿವು ಅದರಲ್ಲಿಲ್ಲ.

ಈ ಕಿಲೋ-ಚೀಲದ ಲೆಕ್ಕದಲ್ಲೇ ನನ್ನ ಪ್ರಶ್ನೆಯ ತಿರುಳಿದೆ. ತೂಕದ ಕೊರತೆಯನ್ನು ಆ ಕೋಡಿನಲ್ಲಿ ಋಣಸಂಖ್ಯೆಯಾಗಿ ಇಟ್ಟಿದ್ದಾರೆ: 120 ಕಿಲೋ ಕಡಿಮೆ ಬಂದರೆ −120. ಅದನ್ನು 50 ಕಿಲೋ ಚೀಲಕ್ಕೆ ಭಾಗಿಸಲು ಹಳೆಯ ಕೋಡಿನಲ್ಲಿರುವುದು ಹಿಂದಕ್ಕೆ ವಾಲಿದ ಒಂದು ಓರೆಗೆರೆ. ಉತ್ತರ −2 ಚೀಲ, ಶೇಷ −20 ಕಿಲೋ. ಪೈಥಾನಿನಲ್ಲಿ ಪೂರ್ಣಾಂಕ ಭಾಗಾಕಾರಕ್ಕೆ ಮುಂದಕ್ಕೆ ವಾಲಿದ ಜೋಡಿ ಓರೆಗೆರೆ. ಚಿಹ್ನೆಗೆ ಚಿಹ್ನೆ ಇಟ್ಟರೆ ಬರುವುದು −3 ಚೀಲ, ಶೇಷ +30 ಕಿಲೋ! ವಿಷುವಲ್ ಬೇಸಿಕ್ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಗಣಿತದಲ್ಲಿ ಎರಡೂ ಸರಿ. ಆದರೆ ರಸೀದಿಯಲ್ಲಿ "ಮೂರು ಚೀಲ ಕಡಿಮೆ, 30 ಕಿಲೋ ಹೆಚ್ಚು" ಎಂದು ಓದಿದ ಬೆಳೆಗಾರರು ಸುಮ್ಮನೆ ಮನೆಗೆ ಹೋಗುವವರಲ್ಲ.

ಚಿಹ್ನೆಯನ್ನು ಬದಲಿಸಿ ಅರ್ಥವನ್ನು ಅದರ ಪಾಡಿಗೆ ಬಿಡುವ ಇಂಥ ಕೆಲಸಕ್ಕೆ 'ಲಿಪ್ಯಂತರ' ಎನ್ನಬಹುದಲ್ಲವೇ? ಕೊಡವ ತಕ್ಕ್ ಅನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ ಎಂಬುದು ಇಲ್ಲಿಯ ಶಾಲೆಯ ಮಕ್ಕಳಿಗೂ ಗೊತ್ತು. ಉತ್ತರವನ್ನು ಕಾಪಾಡಿಕೊಂಡು, ಬೇಕಾದಲ್ಲಿ ಸಾಲನ್ನೇ ಬೇರೆ ರೀತಿಯಲ್ಲಿ ಬರೆದರೆ ಅದು 'ಭಾಷಾಂತರ'. ಸಹೋದ್ಯೋಗಿಯೊಬ್ಬರು 'ರೂಪಾಂತರ'ದ ಪರ. ನಾಟಕದವರು ರೂಪಾಂತರ ಮಾಡುವಾಗ ಊರು, ಹೆಸರು, ಕೆಲವೊಮ್ಮೆ ಕೊನೆಯನ್ನೂ ಬದಲಿಸುತ್ತಾರೆ. ಹಣ ಕೊಡುವ ಲೆಕ್ಕಕ್ಕೆ ಅಷ್ಟು ಸ್ವಾತಂತ್ರ್ಯ ಬೇಡ.

ಈ ಕೆಲಸವನ್ನು ತಂತ್ರಾಂಶವೇ ಮಾಡಿದರೆ ಅದಕ್ಕೇನು ಹೆಸರು? ಟೈಪ್‌ಸ್ಕ್ರಿಪ್ಟ್ ಕೋಡನ್ನು ಜಾವಾಸ್ಕ್ರಿಪ್ಟ್ ಮಾಡಿಕೊಡುವಂಥದ್ದನ್ನು ಟ್ರಾನ್ಸ್‌ಪೈಲರ್ ಎನ್ನುತ್ತಾರೆ. ಕೋಡನ್ನು ಸಾಮಾನ್ಯವಾಗಿ ಯಂತ್ರಭಾಷೆಗೆ ಇಳಿಸುವ ಕಂಪೈಲರ್‌ಗಿಂತ ಇದು ಬೇರೆಯೇ ಎಂಬುದರಲ್ಲೂ ತಕರಾರಿದೆ. 1985ರಲ್ಲಿ ಮಾರುಕಟ್ಟೆಗೆ ಬಂದ ಸಿಫ್ರಂಟ್, ಸಿ++ ಕೋಡನ್ನು ಸಿ ಭಾಷೆಗೇ ತರುತ್ತಿತ್ತು. ಆದರೂ ಅದನ್ನು ಬರೆದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅದನ್ನು ಕಂಪೈಲರ್ ಎಂದೇ ವಾದಿಸಿದರು. ಕನ್ನಡದಲ್ಲಿ ಕಂಪೈಲರ್ ಕಂಪೈಲರ್ ಆಗಿಯೇ ಓಡಾಡುತ್ತಿರುವಾಗ ಟ್ರಾನ್ಸ್‌ಪೈಲರ್ ಕೂಡ ಹಾಗೆಯೇ ಇರಲಿ ಎಂಬುದು ನನ್ನ ಒಲವು. 'ಭಾಷಾಂತರಕಾರ' ಎಂದರೆ ಗೌರವಧನ ಕೊಡಬೇಕೇನೋ ಎನಿಸುತ್ತದೆ.

ಕ್ರಿಯಾಪದದ ಗೊಂದಲ ಮಾತ್ರ ಬಗೆಹರಿದಿಲ್ಲ. "ಈ ಭಾಗವನ್ನು ಪೈಥಾನಿಗೆ ಭಾಷಾಂತರಿಸಿದೆ" ಎಂದು ಬರೆಯಲೇ, "ಪೈಥಾನಿಗೆ ತಂದಿದೆ" ಎಂದರೆ ಸಾಕೇ? ಎರಡನೆಯದು ಓದಲು ಹಗುರ, ಆದರೆ ಲಿಪ್ಯಂತರಕ್ಕೂ ಭಾಷಾಂತರಕ್ಕೂ ಇರುವ ಅಂತರ ಅದರಲ್ಲಿ ಅಳಿಸಿಹೋಗುತ್ತದೆ. ತಂತ್ರಾಂಶದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದು ರೂಢಿಯಿರುವವರು ತಾವು ಬಳಸುವ ಒಂದೆರಡು ವಾಕ್ಯಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.