ಎಲ್-1ಎ ವೀಸಾಗೆ ಬಿಸಿನೆಸ್ ಪ್ಲಾನ್: ಅನುಭವ ಇರುವವರು ದಯವಿಟ್ಟು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಾನು ಮತ್ತು ನಮ್ಮಣ್ಣ 11 ವರ್ಷದಿಂದ ಸಿಎನ್‌ಸಿ ಮಷಿನ್ ಶಾಪ್ ನಡೆಸುತ್ತಿದ್ದೇವೆ. ಟೆಕ್ಸಾಸ್‌ನಲ್ಲಿ ನಮ್ಮದೇ ಒಂದು ಕಂಪನಿ ಶುರು ಮಾಡಿ, ಅಣ್ಣನನ್ನು ಎಲ್-1ಎ (ಇಲ್ಲಿಯ ಕಂಪನಿಯ ಮ್ಯಾನೇಜರನ್ನು ಅದೇ ಕಂಪನಿಯ ಅಮೆರಿಕದ ಆಫೀಸ್‌ಗೆ ಕಳಿಸುವ ವೀಸಾ) ಮೇಲೆ ಕಳಿಸಬೇಕು ಅಂತಿದ್ದೇವೆ. ಅಲ್ಲಿ ಬಂಡವಾಳ ಹಾಕಿ ಬಿಸಿನೆಸ್ ಮಾಡುವವರಿಗೆ ಕೊಡುವ ಇ-2 ವೀಸಾ ಭಾರತೀಯರಿಗೆ ಸಿಗಲ್ಲ, ಹಾಗಾಗಿ ಇದೇ ದಾರಿ.

ಹೊಸ ಆಫೀಸ್ ಆದರೆ ಮೊದಲು 1 ವರ್ಷಕ್ಕೆ ಮಾತ್ರ ಕೊಡುತ್ತಾರೆ. ಆ ವರ್ಷದೊಳಗೆ ಅಲ್ಲಿ ಒಬ್ಬ ಮ್ಯಾನೇಜರ್‌ಗೆ ನಿಜವಾಗಿ ಬೇಕಾಗುವಷ್ಟು ಕೆಲಸ, ಜನ ಇರುತ್ತಾರೆ ಅಂತ ಪ್ಲಾನ್‌ನಲ್ಲಿ ತೋರಿಸಬೇಕು. ನಮಗೆ ಕಷ್ಟ ಆಗಿರುವುದು ಇಲ್ಲೇ. ಅಣ್ಣ ಇವತ್ತಿಗೂ ಬೆಳಿಗ್ಗೆ 8ಕ್ಕೆ ಬಂದು ತಾನೇ ಮೈಕ್ರೋಮೀಟರ್ ಹಿಡಿದು ಮೊದಲ ಪೀಸ್ ಅಳೆಯುವವನು. 14 ಜನರನ್ನು ನೋಡಿಕೊಳ್ಳುವುದೂ ಅವನೇ. ಅದನ್ನು ಸುಳ್ಳಿಲ್ಲದೆ, ಮ್ಯಾನೇಜರ್ ಕೆಲಸ ಅಂತ ಹೇಗೆ ಬರೆಯುವುದು?

ಒಬ್ಬ ಕನ್ಸಲ್ಟೆಂಟ್ ಹತ್ತಿರ ದುಡ್ಡು ಕೊಟ್ಟು ಬರೆಸಿದೆವು. ತೆರೆದು ನೋಡಿದರೆ ಖರ್ಚಿನ ಪಟ್ಟಿಯಲ್ಲಿ 'ಅಡುಗೆಮನೆ ಸಾಮಾನು' ಅಂತಿತ್ತು. ಬೇರೆ ಯಾರದೋ ಹೋಟೆಲ್ ಪ್ಲಾನ್‌ಗೆ ಸುಮ್ನೆ ನಮ್ಮ ಹೆಸರು ಹಾಕಿದ್ದಾರೆ. ಅಣ್ಣ ಒಂದು ಮಾತೂ ಆಡಲಿಲ್ಲ, ಫೈಲ್ ಮುಚ್ಚಿಟ್ಟ. ನನಗೆ ತುಂಬಾ ಬೇಜಾರಾಯಿತು. ಈಗ ನಾವೇ ಕೂತು ಬರೆಯುತ್ತಿದ್ದೇವೆ.

ಇದೇ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ? ನೇಮಕಾತಿ, ಸಂಬಳ, ಆದಾಯದ ಲೆಕ್ಕವನ್ನು ಎಷ್ಟು ವಿವರವಾಗಿ ಕೊಟ್ಟಿರಿ? ಜಾಗದ ಬಾಡಿಗೆ ಕರಾರನ್ನು ಅರ್ಜಿ ಹಾಕುವ ಮೊದಲೇ ತೋರಿಸಬೇಕಲ್ವಾ, ಎಷ್ಟು ದೊಡ್ಡ ಜಾಗ ತೆಗೆದುಕೊಂಡಿರಿ? ರಾಜಾಜಿನಗರ, ಮಲ್ಲೇಶ್ವರದ ಕಡೆ ಇಂಥ ಲೆಕ್ಕ ಮಾಡಿ ಗೊತ್ತಿರುವ ಸಿಎ ಇದ್ದರೆ ತಿಳಿಸಿ. ನೀವು ಎಲ್ಲಿ ಹೇಳಿದರೂ ಬಂದು ಭೇಟಿ ಮಾಡುತ್ತೇನೆ.