ಹಂಪಿಯ ಬಂಡೆಗಳು ಇಷ್ಟು ಗುಂಡಗಾದದ್ದು ಹೇಗೆ?

ಭೂಗೋಳ ಮೇಷ್ಟ್ರು:
ಒಂಬತ್ತನೇ ತರಗತಿ ಮಕ್ಕಳನ್ನ ಹಂಪಿಗೆ ಕರ್ಕೊಂಡು ಹೋಗ್ತಿದ್ದೇವೆ. ಮಾತಂಗ ಬೆಟ್ಟದ ಬುಡದಲ್ಲೇ ಶಿಥಿಲೀಕರಣದ, ಅಂದ್ರೆ ಕಲ್ಲು ಇದ್ದಲ್ಲೇ ಒಡೆದು ಪುಡಿಯಾಗೋದರ ಪಾಠ ಮಾಡೋ ಯೋಚನೆ. ಬಂಡೆ ಹಗಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿ ಸಿಪ್ಪೆ ಬಿಡುತ್ತೆ ಅಂತ ಹೇಳಿದ್ರೆ ಸಾಕಾ? ಭೌತಿಕ ಯಾವುದು, ರಾಸಾಯನಿಕ ಯಾವುದು ಅಂತ ಸ್ಥಳದಲ್ಲೇ ಹೇಗೆ ತೋರಿಸೋದು?

ಕಣಶಿಲೆ:
ಸಾಲದು ಸರ್. ಬಂಡೆ ಗುಂಡಗಾದದ್ದು ಬಹುಪಾಲು ನೆಲದೊಳಗೆ.

ಇದು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಬೆಟ್ಟಗಳೂ ಇದೇ ಪಟ್ಟಿಯವು. ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲು, ಮೇಲಿನ ಭಾರ ಸವೆದಂತೆಲ್ಲ ಹಿಗ್ಗಿ ಸೀಳು ಬಿಡುತ್ತದೆ. ಇದು ಭೌತಿಕ. ಉದ್ದ ಅಡ್ಡ ಸೀಳು ಸೇರಿ ಕಲ್ಲು ಚೌಕ ಚೌಕವಾಗುತ್ತದೆ.

ರಾಸಾಯನಿಕ ಕೆಲಸ ಶುರುವಾಗೋದು ಆ ಸೀಳಿಗೆ ನೀರಿಳಿದಾಗ. ಮಣ್ಣಿನ ಇಂಗಾಲದ ಡೈಆಕ್ಸೈಡ್ ಬೆರೆತು ಆ ನೀರು ತುಸು ಆಮ್ಲವಾಗಿರುತ್ತದೆ. ಅದು ತಾಗಿದರೆ ಗ್ರಾನೈಟಿನಲ್ಲಿರೋ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಜೇಡಿಯಾಗುತ್ತದೆ; ಅದರ ಪೊಟ್ಯಾಸಿಯಂ, ಸೋಡಿಯಂ ನೀರಿನ ಜೊತೆ ಹೋಗುತ್ತವೆ. ಕಪ್ಪು ಅಭ್ರಕದಲ್ಲಿರೋ ಕಬ್ಬಿಣ ತುಕ್ಕು ಹಿಡಿದು, ಅಭ್ರಕ ಉಬ್ಬಿ ಪಕ್ಕದ ಹರಳುಗಳನ್ನ ತಳ್ಳುತ್ತದೆ. ಇನ್ನೊಂದು ಖನಿಜ ಕ್ವಾರ್ಟ್ಸ್ ಮಾತ್ರ ಜಗ್ಗೋದಿಲ್ಲ, ಮರಳಾಗಿ ಉಳಿಯುತ್ತದೆ.

ಚೌಕದ ಮೂಲೆಗೆ ಮೂರು ಕಡೆಯಿಂದ ನೀರು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಮೂಲೆ ಮೊದಲು ಪುಡಿಯಾಗಿ ಗಟ್ಟಿ ತಿರುಳು ಗುಂಡಗೆ ಉಳಿಯೋದು ಇದರಿಂದಲೇ. ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋದ ಮೇಲೆ ಆ ತಿರುಳುಗಳು ಇದ್ದಲ್ಲೇ ಒಂದರ ಮೇಲೊಂದು ಕೂತಿವೆ. ಯಾರೋ ಪೇರಿಸಿಟ್ಟ ಹಾಗೆ ಕಾಣೋದು ಅದಕ್ಕೇ.

ಸ್ಮಾರಕದ ಹತ್ತಿರ ಸುತ್ತಿಗೆ ಮುಟ್ಟಲೇಬೇಡಿ. ಊರಿನ ಕಡೆ ಒಡೆದು ಬಿದ್ದ ಜಲ್ಲಿಯಲ್ಲಿ ಹೊರಮೈ ಇರುವ ಚೂರು ಹುಡುಕಿ. ಒಳಗಿನ ಫೆಲ್ಡ್‌ಸ್ಪಾರ್ ಮಿರುಗುತ್ತದೆ, ಚಾಕುವಿನ ಮೊನೆಗೆ ಗೀರು ಬೀಳೋದಿಲ್ಲ. ಕಂದು ಬಣ್ಣದ ಹೊರಪದರದಲ್ಲಿ ಅದೇ ಹರಳು ಮಂಕಾಗಿ, ಕೆರೆದರೆ ಪುಡಿ ಉದುರುತ್ತದೆ.

ಬಯಲುಸೀಮೆ:
ಬಿಸಿಲಿನ ಮಾತಿಗೆ ಒಂದು ಹಳೆಯ ಪ್ರಯೋಗ ಇದೆ. 1936ರಲ್ಲಿ ಅಮೆರಿಕದ ಭೂವಿಜ್ಞಾನಿ ಡೇವಿಡ್ ಗ್ರಿಗ್ಸ್ ನಯಗೊಳಿಸಿದ ಗ್ರಾನೈಟನ್ನ 89,400 ಸಲ ಕಾಯಿಸಿ, ಒಣಗಾಳಿಯಲ್ಲಿ ಆರಿಸಿದರು. ಸುಮಾರು 244 ವರ್ಷಗಳ ಹಗಲು ರಾತ್ರಿಗೆ ಸಮ. ಕಲ್ಲು ಹಾಗೇ ಇತ್ತು. ನೀರು ಚಿಮುಕಿಸಿ ಆರಿಸಿದಾಗ ಬೇಗನೇ ಮೇಲ್ಮೈ ಕೆಟ್ಟಿತು. ಚಿಕ್ಕ ತುಂಡಿನ ಫಲಿತಾಂಶವನ್ನ ಇಡೀ ಬಂಡೆಗೆ ಹಾಗೇ ಅನ್ವಯಿಸೋಕೆ ಆಗೋದಿಲ್ಲ, ನಿಜ. ಆದರೂ ನೀರನ್ನ ಬಿಟ್ಟು ಪಾಠ ಮಾಡಬೇಡಿ. ಹಿಮ ಕಟ್ಟಿ ಬಂಡೆ ಒಡೆಯುತ್ತೆ ಅನ್ನೋದು ಹಿಮಾಲಯಕ್ಕೆ ಸರಿ, ಹಂಪಿಗಲ್ಲ.

ಇನ್ನೊಂದು: ಕೆಲವು ಬಂಡೆಗಳ ಅಂಚಲ್ಲಿ ಸಾಲಾಗಿ ಆಯತಾಕಾರದ ಗುಳಿಗಳಿವೆ. ಅವು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಮಕ್ಕಳು ಖಂಡಿತ ಕೇಳ್ತಾರೆ.

ಜಲ್ಲಿ ಮರಳು:
ಹೋಗೋ ಮುಂಚೆ ಶಾಲೆಯಲ್ಲೇ ಇದನ್ನ ಮಾಡಿಸಿ. ಅಮೃತಶಿಲೆಯ 5 ಗ್ರಾಂ ತೂಕದ ಒಂದು ಚೂರು, ಅಷ್ಟೇ ತೂಕದ ಪುಡಿ, ಬೇರೆ ಬೇರೆ ಲೋಟಕ್ಕೆ. ಎರಡಕ್ಕೂ 50 ಮಿ.ಲೀ. ವಿನೆಗರ್. ಪುಡಿಯಲ್ಲಿ ತಕ್ಷಣ ನೊರೆ ಬರುತ್ತದೆ, ಚೂರಿನಲ್ಲಿ ಸಣ್ಣ ಗುಳ್ಳೆ ಅಷ್ಟೇ. ಲೆಕ್ಕವನ್ನೂ ಹಾಕಿಸಿ: 10 ಸೆಂ.ಮೀ. ಘನದ ಮೇಲ್ಮೈ 600 ಚದರ ಸೆಂ.ಮೀ., ಅದನ್ನೇ 1 ಸೆಂ.ಮೀ. ಘನಗಳಾಗಿ ಕತ್ತರಿಸಿದರೆ 6,000. ಸೀಳು ಬಿಟ್ಟ ಕಲ್ಲು ಬೇಗ ಕೆಡೋದು ಯಾಕೆ ಅಂತ ಆಗ ತಿಳಿಯುತ್ತದೆ.

ಬೋರ್ಡಿನ ಸೀಮೆಸುಣ್ಣ ಬೇಡ. ಈಗಿನದು ಹೆಚ್ಚಾಗಿ ಜಿಪ್ಸಂ, ನೊರೆ ಬರೋದಿಲ್ಲ. ಗ್ರಾನೈಟ್ ಚೂರಿಗೆ ವಿನೆಗರ್ ಹಾಕಿದರೂ ಏನೂ ಕಾಣೋದಿಲ್ಲ. ಫೆಲ್ಡ್‌ಸ್ಪಾರ್ ಜೇಡಿಯಾಗೋಕೆ ಸಾವಿರಾರು ವರ್ಷ ಬೇಕು ಅಂತ ಮೊದಲೇ ಹೇಳಿಬಿಡಿ.