ಎದೆ ದೊಡ್ಡದಾಗಬೇಕು: ಎಂಟು ಎಕ್ಸರ್‌ಸೈಜ್‌ನಲ್ಲಿ ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಗಂಗಾವತಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಂದು ಗಂಗಾವತಿ. ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ವಯಸ್ಸು 23, ಎತ್ತರ 5 ಅಡಿ 8 ಇಂಚು, ತೂಕ 61 ಕೆಜಿ. ಜಿಮ್ ಸೇರಿ ಏಳು ತಿಂಗಳಾಯಿತು. ತೋಳು ಸ್ವಲ್ಪ ಬಂದಿದೆ, ಭುಜ ಬಂದಿದೆ, ಎದೆ ಮಾತ್ರ ಹಲಗೆ ಇದ್ದ ಹಾಗೇ ಇದೆ. ಶರ್ಟ್ ಹಾಕಿದರೆ ಎದೆಗಿಂತ ಜೇಬಿನಲ್ಲಿರುವ ಪೆನ್ನೇ ಉಬ್ಬಿ ಕಾಣುತ್ತದೆ.

ಸೋಮವಾರ ಎದೆ ದಿನ. ಅವತ್ತು ನಮ್ಮ ಜಿಮ್‌ನಲ್ಲಿ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಬೆಂಚಿಗೆ ಟವೆಲ್ ಹಾಕಿ ಹಿಡಿದಿರುತ್ತಾರೆ. ಟ್ರೇನರ್ ಕೊಟ್ಟ ಚಾರ್ಟ್‌ನಲ್ಲಿ ಫ್ಲಾಟ್ ಬೆಂಚ್ (ನೇರ ಮಲಗಿ ಬಾರ್ ಎತ್ತುವುದು), ಇನ್‌ಕ್ಲೈನ್ (ತಲೆ ಕಡೆ ಎತ್ತರ), ಡಿಕ್ಲೈನ್ (ತಲೆ ಕಡೆ ತಗ್ಗು), ಡಂಬಲ್ ಪ್ರೆಸ್, ಡಂಬಲ್ ಫ್ಲೈ (ಕೈ ಅಗಲಿಸಿ ಎದೆ ಮುಂದೆ ಕೂಡಿಸುವುದು), ಅದನ್ನೇ ಮಷಿನ್‌ನಲ್ಲಿ ಮಾಡುವ ಕೇಬಲ್, ಪೆಕ್ ಡೆಕ್, ಕೊನೆಗೆ ಪುಲ್‌ಓವರ್ (ಮಲಗಿ ಡಂಬಲನ್ನು ತಲೆ ಹಿಂದಕ್ಕೆ ಇಳಿಸಿ ಎತ್ತುವುದು) ಇದೆ. ಒಂದೊಂದೂ ನಾಲ್ಕು ಸೆಟ್, ಅಂದರೆ ನಾಲ್ಕು ಸುತ್ತು. ಮುಗಿಯುವ ಹೊತ್ತಿಗೆ ಎರಡು ಗಂಟೆ ಆಗಿರುತ್ತದೆ, ಆಮೇಲೆ ಮುಂದಿನ ಸೋಮವಾರದ ತನಕ ಎದೆ ಮುಟ್ಟುವುದಿಲ್ಲ. ಫ್ಲಾಟ್ ಬೆಂಚ್ ಮೂರು ತಿಂಗಳಿಂದ 50 ಕೆಜಿಯಲ್ಲೇ ನಿಂತಿದೆ. ಮಾರನೇ ದಿನ ಭುಜದ ಮುಂಭಾಗ ನೋಯುತ್ತದೆ, ತೋಳಿನ ಹಿಂಭಾಗದ ಟ್ರೈಸೆಪ್ಸ್ ನೋಯುತ್ತದೆ, ಎದೆಗೆ ಏನೂ ಆಗಿರುವುದಿಲ್ಲ. ಒಬ್ಬರು ಡಿಕ್ಲೈನ್ ಇಲ್ಲದೆ ಎದೆ ಬರುವುದಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಫ್ಲಾಟ್ ಮಾಡುವುದೇ ದಂಡ ಅನ್ನುತ್ತಾರೆ. ಎದೆಯ ನಡುವೆ ಗೆರೆ ಬರಲು ಬೇರೆ ಎಕ್ಸರ್‌ಸೈಜ್ ಇದೆಯಾ? ಪೌಡರ್ ತಗೊಳ್ಳಲೇಬೇಕಾ? ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಮೊಟ್ಟೆ ಹೊರಗೆ ತಿನ್ನುತ್ತೇನೆ.

ಬಳ್ಳಾರಿ ಬಿಸಿಲು:

ತಮ್ಮಾ, ಒಂದೇ ದಿನ 32 ಸೆಟ್! ಮೊದಲ ಎಂಟು ಹತ್ತು ಸೆಟ್ ಕೆಲಸ, ಉಳಿದದ್ದು ಸುಮ್ನೆ ಬೆವರು. ಅದನ್ನು ಕಡಿಮೆ ಮಾಡಿ ಎರಡು ದಿನಕ್ಕೆ ಹಂಚು. ದಿನಕ್ಕೆ ಆರು, ಏಳು ಸೆಟ್, ವಾರಕ್ಕೆ 12ರಿಂದ 14. ನಿನಗೆ ಈಗ ಅಷ್ಟು ಸಾಕು, ನಾನು ಹನ್ನೊಂದು ವರ್ಷದಿಂದ ಎತ್ತುತ್ತಿದ್ದೇನೆ, ನನ್ನದೇ ವಾರಕ್ಕೆ 16 ದಾಟುವುದಿಲ್ಲ.

ಯಾವುದು ಬಿಡಬೇಕು ಅನ್ನುವುದಕ್ಕೆ ಮೊದಲು ಎದೆಯ ಸ್ನಾಯು ಹೇಗಿದೆ ಅಂತ ತಿಳಿದುಕೋ. ಅದು ಬೀಸಣಿಗೆ ಥರ. ಮೇಲಿನ ಎಳೆಗಳು ಕತ್ತಿನ ಕೆಳಗಿನ ಅಡ್ಡ ಮೂಳೆಯಿಂದ ಹೊರಡುತ್ತವೆ, ಉಳಿದವು ಎದೆಯ ನಡುಮೂಳೆ ಮತ್ತು ಪಕ್ಕೆಲುಬಿನ ಕಡೆಯಿಂದ. ಎಲ್ಲ ಹೋಗಿ ಸೇರುವುದು ಮಾತ್ರ ಒಂದೇ ಕಡೆ, ತೋಳಿನ ಮೂಳೆಯ ಮೇಲ್ಭಾಗಕ್ಕೆ. ಅದರ ದೊಡ್ಡ ಕೆಲಸ ತೋಳನ್ನು ಎದೆಯ ಮುಂದಕ್ಕೆ ತರುವುದು. ಹಾಗಾಗಿ ಒಂದು ನೇರ ಪ್ರೆಸ್, ಒಂದು ಇನ್‌ಕ್ಲೈನ್ ಪ್ರೆಸ್, ಒಂದು ಫ್ಲೈ ಇದ್ದರೆ ಎಲ್ಲ ಎಳೆಗೂ ಕೆಲಸ ಸಿಗುತ್ತದೆ. ಡಿಕ್ಲೈನ್ ತಪ್ಪಲ್ಲ, ಆದರೆ ಫ್ಲಾಟ್ ಮಾಡುವ ಕೆಲಸವನ್ನೇ ತಲೆ ಕೆಳಗೆ ಹಾಕಿ ಮಾಡುವುದು. ಪುಲ್‌ಓವರ್ ಬಿಡು. ಪೆಕ್ ಡೆಕ್ ಅಥವಾ ಕೇಬಲ್, ಎರಡರಲ್ಲಿ ಯಾವುದು ಖಾಲಿ ಇರುತ್ತದೋ ಅದು. ನಡುವಿನ ಗೆರೆ ಅಂತ ಕೇಳಿದೆಯಲ್ಲ, ಸ್ನಾಯು ಮೂಳೆಗೆ ಎಲ್ಲಿ ಅಂಟಿಕೊಂಡಿದೆ ಅನ್ನುವುದು ಹುಟ್ಟಿನಿಂದ ಬಂದದ್ದು, ಅದನ್ನು ಯಾವ ಎಕ್ಸರ್‌ಸೈಜ್ ಬಂದರೂ ಸರಿಸುವುದಿಲ್ಲ. ಎದೆ ದಪ್ಪ ಆದರೆ ಗೆರೆ ತಾನೇ ಕಾಣುತ್ತದೆ.

ಇನ್‌ಕ್ಲೈನ್ ಬೆಂಚನ್ನು 30 ಡಿಗ್ರಿಗಿಂತ ಜಾಸ್ತಿ ಏರಿಸಬೇಡ. ಬಹಳಷ್ಟು ಬೆಂಚಿನಲ್ಲಿ ಅದು ಮೊದಲನೇ ಅಥವಾ ಎರಡನೇ ತೂತು. ಜಿಮ್‌ನಲ್ಲಿ ಹುಡುಗರು ಕುರ್ಚಿ ಥರ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ, ಅದು ಎದೆಗಲ್ಲ, ಭುಜಕ್ಕೆ.

ಈಗ ನಿನ್ನ ಅಸಲಿ ತೊಂದರೆ. ಭುಜ ನೋಯುತ್ತದೆ, ಎದೆಗೆ ಏನೂ ಆಗುವುದಿಲ್ಲ ಅಂದರೆ ನೀನು ಮಲಗುವುದರಲ್ಲೇ ತಪ್ಪಿದೆ ಅನಿಸುತ್ತದೆ. ಬೆಂಚಿನ ಮೇಲೆ ಮಲಗಿದ ತಕ್ಷಣ ಬಾರ್ ಎತ್ತಬೇಡ. ಬೆನ್ನಿನ ಮೇಲೆ ರೆಕ್ಕೆ ಥರ ಎರಡು ಮೂಳೆ ಇವೆಯಲ್ಲ, ಅವನ್ನು ಹಿಂದಕ್ಕೆ ಎಳೆದು, ನಡುವೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ ಹಿಡಿದು, ಆಮೇಲೆ ಸ್ವಲ್ಪ ಸೊಂಟದ ಕಡೆ ಇಳಿಸಿ ಬೆಂಚಿಗೆ ಒತ್ತು. ಆಗ ಎದೆ ತಾನೇ ಮೇಲೆ ಬರುತ್ತದೆ. ಪಾದ ನೆಲಕ್ಕೆ ಊರಿರಲಿ. ಬಾರ್ ಮೊಲೆತೊಟ್ಟಿನ ಸ್ವಲ್ಪ ಕೆಳಗೆ ಬಂದು ಮುಟ್ಟಬೇಕು, ಕತ್ತಿನ ಕಡೆ ಅಲ್ಲ. ಕೆಳಗೆ ಬಂದಾಗ ಮುಂಗೈ ಕಂಬದ ಹಾಗೆ ನೆಟ್ಟಗಿರಬೇಕು. ಮೇಲೆ ಹೋಗುವಾಗಲೂ ರೆಕ್ಕೆ ಬಿಡಬಾರದು, ಎಲ್ಲರೂ ಬಿಡುವುದು ಅಲ್ಲೇ, ಕೊನೆಯ ನಾಲ್ಕು ಇಂಚಿನಲ್ಲಿ ಭುಜ ಮುಂದಕ್ಕೆ ಬಂದುಬಿಡುತ್ತದೆ.

ಇನ್ನೊಂದು ಮಾತು. ಮಿಲ್ಲಿಗೆ ಎಷ್ಟು ಚೀಲ ಬಂತು, ಎಷ್ಟು ಹೋಯಿತು ಅಂತ ದಿನಾ ಬರೆಯುವವನು ನೀನು. ಹೋದ ಸೋಮವಾರ ಎಷ್ಟು ಕೆಜಿ, ಒಂದು ಸೆಟ್‌ಗೆ ಎಷ್ಟು ಸಲ (ರೆಪ್ಸ್) ಹೊಡೆದೆ ಅಂತ ಬರೆದಿದ್ದೀಯಾ? ಒಂದು ಚಿಕ್ಕ ನೋಟ್‌ಬುಕ್ ಇಡು. 8 ರೆಪ್ಸ್‌ನಿಂದ ಶುರು ಮಾಡು, ಮೂರೂ ಸೆಟ್‌ನಲ್ಲಿ 12 ಬಂದ ದಿನ ಒಟ್ಟು 2.5 ಕೆಜಿ ಏರಿಸು. ಒಂದೊಂದು ಕಡೆ 1.25ರ ಪ್ಲೇಟ್ ಬೇಕು. ಅವು ಯಾವ ಜಿಮ್‌ನಲ್ಲೂ ಜಾಗದಲ್ಲಿ ಇರುವುದಿಲ್ಲ, ಸ್ಕ್ವಾಟ್ ರ್ಯಾಕ್ ಕೆಳಗೆ ಬಗ್ಗಿ ನೋಡು.

ರಾಯಚೂರಿನವನು:

ಮೇಲಿನ ಅಣ್ಣ ಹೇಳಿದ್ದು ಸರಿ, ಆದರೆ ಬಾರ್‌ಬೆಲ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಹಾಗೆ ಯಾರೂ ತಿಳಿಯಬೇಡಿ. ನಾನು ಎರಡು ವರ್ಷ ಮೊಣಕೈಯನ್ನು ಭುಜದ ನೇರಕ್ಕೆ ಅಡ್ಡ ಚಾಚಿ, ಬಾರನ್ನು ಎದೆ ಮೇಲೆ ಚೆಂಡಿನ ಥರ ಪುಟಿಸಿ ಬೆಂಚ್ ಮಾಡಿದೆ. ಬಲ ಭುಜ ಹೋಯಿತು. ನಾಲ್ಕು ತಿಂಗಳು ತಂತಿಗೆ ಬಟ್ಟೆ ಒಣಹಾಕಲೂ ಕೈ ಎತ್ತಲು ಆಗುತ್ತಿರಲಿಲ್ಲ, ಬೈಕ್ ಮೇಲೆ ಕೂತು ಹಿಂದಿನ ಜೇಬಿನಿಂದ ಪರ್ಸ್ ತೆಗೆಯಲು ಇಳಿಯಬೇಕಾಗಿತ್ತು. ಈಗ ಬರೀ ಡಂಬಲ್. ಎರಡೂ ಕೈ ತಮಗೆ ಬೇಕಾದ ದಾರಿಯಲ್ಲಿ ಹೋಗುತ್ತವೆ, ಕೆಳಗೆ ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತವೆ. ಮೊಣಕೈ ಪಕ್ಕೆಗೆ ಅಂಟಿಕೊಂಡೂ ಇರಬಾರದು, ಪೂರ್ತಿ ಅಡ್ಡವೂ ಹೋಗಬಾರದು, ನಡುವೆ ಎಲ್ಲೋ ಇರಲಿ. ಇಳಿಸುವಾಗ ಎರಡು ಮೂರು ಸೆಕೆಂಡು ತಗೋ.

ಮತ್ತೆ ಒಂಟಿಯಾಗಿ ಬೆಂಚ್ ಮಾಡುವವರಿಗೆ ಒಂದು ಮಾತು. ಒಂದು ದಿನ ಬೆಳಗ್ಗೆ 5:30ಕ್ಕೆ ಜಿಮ್‌ನಲ್ಲಿ ನಾನೊಬ್ಬನೇ. 65 ಕೆಜಿ ಎದೆ ಮೇಲೆ ಕೂತುಬಿಟ್ಟಿತು, ಮೇಲೂ ಹೋಗದು, ಪಕ್ಕಕ್ಕೂ ಸರಿಯದು. ಪ್ಲೇಟ್‌ಗೆ ಲಾಕ್ ಹಾಕಿರಲಿಲ್ಲ, ಹಾಗಾಗಿ ಬಾರ್ ಒಂದು ಕಡೆ ವಾಲಿಸಿದೆ, ಪ್ಲೇಟ್ ಜಾರಿ ಬಿತ್ತು, ಆ ಸದ್ದಿಗೆ ಎದುರಿನ ಚಹಾ ಅಂಗಡಿಯವರು ಓಡಿ ಬಂದರು. ಹಿಡಿಯುವವರು ಇಲ್ಲದಿದ್ದರೆ ಬೆಂಚ್‌ನಲ್ಲಿ ಲಾಕ್ ಹಾಕಬೇಡಿ. ಹೆಬ್ಬೆರಳು ಬಾರ್ ಸುತ್ತ ಇರಲಿ. ಸುರಕ್ಷತೆಗೆ ಡಂಬಲ್ಲೇ ವಾಸಿ.

ನಿನ್ನ ಭುಜದ ನೋವು ಎರಡು ದಿನದಲ್ಲಿ ಹೋಗುತ್ತಿದ್ದರೆ ಸರಿ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದ ಹಾಗೆ ಚುಚ್ಚಿದರೆ ಡಾಕ್ಟರಿಗೆ ತೋರಿಸು, ನನ್ನ ಹಾಗೆ ಜಂಡು ಬಾಮ್ ಹಚ್ಚಿಕೊಂಡು ತಿಂಗಳು ಕಳೆಯಬೇಡ.

ಗರಡಿ ಕಾಕಾ, ಕೊಪ್ಪಳ:

ನಮ್ಮ ಕಾಲದಲ್ಲಿ ಇಷ್ಟೆಲ್ಲ ಡಿಗ್ರಿ ಇರಲಿಲ್ಲ. ಗರಡಿ ಮನೆಯಲ್ಲಿ ಹನುಮಪ್ಪನಿಗೆ ಕೈ ಮುಗಿದು, ಕೆಮ್ಮಣ್ಣಿನ ಮೇಲೆ ದಂಡ, ಅಂದರೆ ನಿಮ್ಮ ಪುಷಪ್ ಥರದ್ದು, ಹೊಡೆಯುತ್ತಿದ್ದೆವು. ನೂರು ಹೊಡೆದ ಮೇಲೆ ಉಸ್ತಾದರು ಎಣಿಕೆ ತಪ್ಪಿದೆ ಅಂತ ಮತ್ತೆ ಒಂದರಿಂದ ಶುರು ಮಾಡಿಸುತ್ತಿದ್ದರು. ಎದೆ ಬರಲಿಲ್ವಾ? ಬಂತು. ಬೆಂಚ್ ಸಿಗದಿದ್ದರೆ ಅಳುತ್ತಾ ಕೂರಬೇಡ ಹುಡುಗಾ, ನೆಲ ಯಾವಾಗಲೂ ಖಾಲಿ ಇರುತ್ತದೆ.

ಬಳ್ಳಾರಿ ಬಿಸಿಲು:

ಕಾಕಾ, ನಿಮ್ಮ ಮಾತು ತೆಗೆದುಹಾಕುವುದಿಲ್ಲ. ನೆಲದ ಮೇಲಿನ ಪುಷಪ್‌ನಲ್ಲೇ ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈ ಮೇಲೆ ಬರುತ್ತದೆ, ಇವನಿಗೆ 40 ಕೆಜಿ ಆಯಿತು. ಆದರೆ ಸಲೀಸಾಗಿ 30 ದಾಟಿದ ಮೇಲೆ ಬರೀ ಎಣಿಕೆ ಏರಿಸುತ್ತಾ ಹೋದರೆ ದಮ್ಮು ಬರುತ್ತದೆ, ಗಾತ್ರ ಅಷ್ಟಾಗಿ ಬರುವುದಿಲ್ಲ. ಆಗ ಭಾರ ಸೇರಿಸಬೇಕು. ಕೈ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟರೆ ಎದೆ ಇನ್ನೂ ಕೆಳಗೆ ಇಳಿಯುತ್ತದೆ, ಬೆನ್ನಿಗೆ ಬ್ಯಾಗ್ ಹಾಕಿ ಅದರಲ್ಲಿ 5 ಕೆಜಿ ಅಕ್ಕಿ. ಗಂಗಾವತಿಯವನಿಗೆ ಅಕ್ಕಿಗೆ ಬರವಾ?

ಗರಡಿ ಕಾಕಾ, ಕೊಪ್ಪಳ:

ನಮಗೆ ಅಕ್ಕಿ ಚೀಲ ಇರಲಿಲ್ಲ, ಉಸ್ತಾದರ ಮೊಮ್ಮಗ ಬೆನ್ನ ಮೇಲೆ ಕೂರುತ್ತಿದ್ದ. ಎರಡೂ ಒಂದೇ.

ರೊಟ್ಟಿ ಶೇಂಗಾ:

ಊಟದ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 5 ಅಡಿ 8 ಇಂಚಿಗೆ 61 ಕೆಜಿ ಅಂದರೆ ಎದೆ ಬರಲು ಮೊದಲು ಒಳಗೆ ಏನಾದರೂ ಹೋಗಬೇಕು. ಒಂದು ಕೆಜಿ ಮೈತೂಕಕ್ಕೆ 1.6 ಗ್ರಾಂ ಪ್ರೋಟೀನ್ ಅಂತ ಹಿಡಿದರೆ ನಿನಗೆ ದಿನಕ್ಕೆ 98 ಗ್ರಾಂ ಹತ್ತಿರ. ನಾಲ್ಕು ಮೊಟ್ಟೆಯಲ್ಲಿ 24. ಒಣ ಸೋಯಾ ಚಂಕ್ಸ್ 50 ಗ್ರಾಂ ನೆನೆಸಿ ಪಲ್ಯ ಮಾಡಿಸಿದರೆ 26. ಅರ್ಧ ಲೀಟರ್ ಹಾಲು, ಮೊಸರು ಸೇರಿ 16. ನಾಲ್ಕು ಜೋಳದ ರೊಟ್ಟಿಯಲ್ಲಿ 20ರ ಹತ್ತಿರ, ಒಂದು ಹಿಡಿ ಶೇಂಗಾದಲ್ಲಿ 7, ಬೇಳೆಯಲ್ಲಿ ಹತ್ತು. ಕೂಡಿಸಿ ನೋಡು, ನೂರು ದಾಟಿತು. ಪೌಡರ್ ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಅಷ್ಟೇ, ಅಡುಗೆ ಮಾಡಲು ಆಗದವರಿಗೆ ಅನುಕೂಲ, ಮಂತ್ರವೇನೂ ಇಲ್ಲ.

ಜಿಮ್ ಮುಗಿಸಿ ಹೋಗುತ್ತಾ ಒಗ್ಗರಣೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ ತಿಂದು ಹೊಟ್ಟೆ ತುಂಬಿಸಿಕೊಂಡು ಮನೆಯಲ್ಲಿ ಊಟ ಬೇಡ ಅನ್ನುವವರಲ್ಲಿ ನಾನೂ ಒಬ್ಬ. ಒಂದು ವರ್ಷ ಹಾಗೇ ಹೋಯಿತು. ಮಿರ್ಚಿ ಬಿಡು ಅನ್ನುವುದಿಲ್ಲ, ಯಾರಿಗೆ ಬಿಡಲು ಆಗುತ್ತದೆ. ಊಟ ಆದ ಮೇಲೆ ತಿನ್ನು. ತಿಂಗಳಿಗೆ ಒಂದು ಕೆಜಿ ಮೈತೂಕ ಏರಿದರೆ ಸರಿ ದಾರಿ.

ಗಂಗಾವತಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗುರುವಾರ ಹೋಗಿ ಮಾಡಿದೆ. ಟ್ರೇನರ್ ಅಣ್ಣ ಚಾರ್ಟ್ ಬಿಟ್ಟಿದ್ದಕ್ಕೆ ಸ್ವಲ್ಪ ಮುಖ ಸಿಂಡರಿಸಿದರು, ಆಮೇಲೆ ಅವರೇ ಬಂದು ತಲೆ ಹತ್ತಿರ ನಿಂತರು. ರೆಕ್ಕೆ ಮೂಳೆ ಒತ್ತಿ ಹಿಡಿದು ಮಲಗಿದರೆ 50 ಕೆಜಿ ಏಳಲೇ ಇಲ್ಲ. ನಾಚಿಕೆ ಆಯಿತು. ಎರಡೂ ಕಡೆ 5, 5 ತೆಗೆದು 40ಕ್ಕೆ ಇಳಿದೆ, 9, 8, 8 ಬಂತು. ಬರೆದುಕೊಂಡಿದ್ದೇನೆ, ಮಿಲ್ಲಿನ ಹಳೇ ರಸೀದಿ ಪುಸ್ತಕದ ಹಿಂದೆ. ಇನ್‌ಕ್ಲೈನ್ ಡಂಬಲ್ 12.5ರದ್ದು ಎರಡು ಸೆಟ್, ಪೆಕ್ ಡೆಕ್ ಎರಡು ಸೆಟ್. 50 ನಿಮಿಷಕ್ಕೆ ಮನೆಗೆ ಬಂದೆ.

ಇವತ್ತು ಬೆಳಗ್ಗೆ ಆಫೀಸಿನ ಶಟರ್ ಎತ್ತಲು ಹೋದಾಗ ಎದೆ ಹಿಡಿದುಕೊಂಡಿತು. ಏಳು ತಿಂಗಳಲ್ಲಿ ಮೊದಲ ಸಲ! ಖುಷಿಯಲ್ಲಿ ಮನೆಗೆ ಫೋನ್ ಮಾಡಿ ಎದೆ ನೋಯುತ್ತಿದೆ ಅಂದುಬಿಟ್ಟೆ. ಅವ್ವ ಗಾಬರಿಯಾಗಿ ಪಕ್ಕದ ಮನೆಯವರ ಕೈಯಲ್ಲಿ ಸೋಡಾ ಕಳಿಸಿದ್ದಾಳೆ, ಗ್ಯಾಸ್ ಇರಬಹುದು ಅಂತ.

ಒಂದೇ ಅನುಮಾನ ಉಳಿದಿದೆ. ಗುರುವಾರ ಬೆಂಚ್ ಖಾಲಿ ಇತ್ತು, ಸೋಮವಾರ ಆ ಟವೆಲ್‌ಗಳ ನಡುವೆ ಏನು ಮಾಡಲಿ?

ಬಳ್ಳಾರಿ ಬಿಸಿಲು:

ನೋವು ಬಂದರೆ ಮಾತ್ರ ಬೆಳೆಯುತ್ತದೆ ಅಂತ ತಿಳಿಯಬೇಡ, ಮೂರು ವಾರದಲ್ಲಿ ಅದೂ ಕಡಿಮೆ ಆಗುತ್ತದೆ, ಆಗ ರಸೀದಿ ಪುಸ್ತಕ ನೋಡು, ನಂಬರ್ ಏರುತ್ತಿದ್ದರೆ ಸಾಕು. ಎದೆಯನ್ನು ಮಂಗಳವಾರ, ಶುಕ್ರವಾರಕ್ಕೆ ಹಾಕಿಕೋ. ಸೋಮವಾರ ಕಾಲು ಮಾಡು. ಅವತ್ತು ಸ್ಕ್ವಾಟ್ ರ್ಯಾಕ್ ಹತ್ತಿರ ಒಂದು ನರಪಿಳ್ಳೆ ಇರುವುದಿಲ್ಲ. 1.25ರ ಪ್ಲೇಟೂ ಅಲ್ಲೇ ಬಿದ್ದಿರುತ್ತವೆ, ಬರುವಾಗ ಎತ್ತಿಟ್ಟುಕೊಂಡು ಬಾ.